ನೆಲದ ಕೆಳಗಿನ ನೀರಿನ ದಾರಿಗಳು

(ಸಂಸ್ಥೆಯ ವಾರ್ಷಿಕ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)

 

ಇಂದು ನಾನು ಆರಿಸಿಕೊಂಡಿರುವ ವಿಷಯ ಸುರಂಗ. ವಿಷಯ ಕೇಳಿದೊಡನೆ ಹಿಂದಿನ ಸಾಲಿನ ಹುಡುಗರ ಮುಖ ಅರಳಿದ್ದನ್ನು ನೋಡಿದೆ. ಕೋಟೆ ಇರುವ ಊರಿನಲ್ಲಿ ಸುರಂಗದ ಕಥೆ ಇರಲೇಬೇಕು. ನರಗುಂದದ ಗುಡ್ಡವಾಗಲಿ, ಗಜೇಂದ್ರಗಡದ ಗುಡ್ಡವಾಗಲಿ, ನಮ್ಮ ಸುತ್ತಲಿನ ಯಾವ ಹಳೆಯ ವಾಡೆಯಾಗಲಿ, ಅಲ್ಲಿಂದ ದೂರದ ಊರಿಗೆ ಹಾದಿ ಇತ್ತು, ಅದರೊಳಗೆ ಕುದುರೆ ಓಡುತ್ತಿತ್ತು, ಹೊನ್ನಿನ ಕೊಪ್ಪರಿಗೆ ಹೂಳಿಟ್ಟಿದ್ದಾರೆ ಎಂದು ಹೇಳುವವರು ಸಿಗುತ್ತಾರೆ. ಕೇಳಲು ಚೆಂದ. ಆದರೆ ವಿದ್ಯೆ ಕಲಿಯುವವರು ಚೆಂದದ ಮಾತನ್ನು ಒಮ್ಮೆ ತೂಕ ಮಾಡಿ ನೋಡಬೇಕು.

ಬನ್ನಿ, ತೂಗಿ ನೋಡೋಣ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ, ಒಬ್ಬ ಮನುಷ್ಯ ಮಾತ್ರ ನಡೆಯಬಹುದಾದ ಸುರಂಗವನ್ನು 20 ಕಿಲೋಮೀಟರ್ ತೋಡಿದರು ಎಂದಿಟ್ಟುಕೊಳ್ಳಿ. ಹೊರಗೆ ಬರುವ ಮಣ್ಣು 40 ಸಾವಿರ ಘನ ಮೀಟರ್. ಟ್ರ್ಯಾಕ್ಟರಿನ ಒಂದು ಟ್ರೇಲರಿಗೆ 3 ಘನ ಮೀಟರ್ ಹಿಡಿದರೂ 13 ಸಾವಿರಕ್ಕೂ ಹೆಚ್ಚು ಟ್ರೇಲರ್ ಮಣ್ಣು. ಅಷ್ಟು ಮಣ್ಣನ್ನು ಶತ್ರುವಿಗೆ ಕಾಣದಂತೆ ಎಲ್ಲಿ ಸುರಿದರು? ಇನ್ನು ಒಳಗೆ ಕೆಲಸ ಮಾಡುವವನು ಉಸಿರಾಡಬೇಕಲ್ಲ? 50 ಮೀಟರಿಗೊಂದರಂತೆ ಗಾಳಿಗಂಡಿ ಬೇಕೆಂದರೆ 400 ಗಂಡಿಗಳಾದವು. ಗುಟ್ಟಿನ ದಾರಿಗೆ 400 ಬಾಯಿ ಇದ್ದರೆ ಅದು ಗುಟ್ಟಾಗಿ ಉಳಿಯುತ್ತದೆಯೇ? ಕೋಟೆಗಳಲ್ಲಿ ದಿಡ್ಡಿ ಬಾಗಿಲು ಇರುತ್ತಿದ್ದವು, ಬುರುಜಿನ ಒಳಗೆ ಸಣ್ಣ ಇಕ್ಕಟ್ಟಿನ ಹಾದಿ ಇರುತ್ತಿದ್ದವು, ಅದು ನಿಜ. ಆದರೆ 1858ರ ಬಂಡಾಯದಲ್ಲಿ ನರಗುಂದದ ಬಾಬಾಸಾಹೇಬರು ಕೋಟೆ ಬಿಟ್ಟು ಹೋದ ಮೇಲೆ ಕೆಲವೇ ದಿನಗಳಲ್ಲಿ ಸೆರೆ ಸಿಕ್ಕರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಅವರ ಹೆಸರನ್ನು ಉಳಿಸಿದ್ದು ಅವರ ಎದೆಗಾರಿಕೆ. ಅದಕ್ಕೆ ಸುರಂಗದ ಕಥೆಯ ಆಸರೆ ಬೇಕಿಲ್ಲ.

ಹಾಗಾದರೆ ನಮ್ಮ ಹಿರಿಯರು ನೆಲದ ಕೆಳಗೆ ಏನನ್ನೂ ಕಟ್ಟಲಿಲ್ಲವೇ? ಕಟ್ಟಿದರು. ಅನ್ನಕ್ಕಾಗಿ ಕಟ್ಟಿದರು, ನೀರಿಗಾಗಿ ಕಟ್ಟಿದರು. ಹೊನ್ನಿನ ಕಥೆ ಕೇಳುತ್ತ ಕುಳಿತ ನಾವು ಇವೆರಡನ್ನೂ ಮರೆತೆವು. ಅದನ್ನೇ ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಮೊದಲು ಅನ್ನದ ಮಾತು. ರೋಣ, ನರಗುಂದದ ಕಡೆಯ ಮಕ್ಕಳಿಗೆ ಹಗೇವು ಎಂದರೆ ಏನೆಂದು ಅಜ್ಜ ಅಜ್ಜಿಯರು ಹೇಳಿಯೇ ಇರುತ್ತಾರೆ. ಮನೆಯ ಅಂಗಳದಲ್ಲೋ, ಮುಂದಿನ ಓಣಿಯಲ್ಲೋ ನೆಲ ತೋಡಿ ಮಾಡಿದ ಜೋಳದ ಉಗ್ರಾಣ ಅದು. ಬಾಯಿ ಚಿಕ್ಕದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೋದಂತೆ ಹೊಟ್ಟೆ ಅಗಲ. ಪಕ್ಕಕ್ಕೂ ತಳಕ್ಕೂ ಒಣ ಹುಲ್ಲು, ಹೊಟ್ಟು ಹಾಕಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. ಒಳಗಿನ ಕಾಳು ಮೆಲ್ಲಗೆ ಉಸಿರಾಡಿ ಅಲ್ಲಿದ್ದ ಆಮ್ಲಜನಕವನ್ನು ಮುಗಿಸುತ್ತದೆ. ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ. ಹುಳ ಬದುಕುವುದಿಲ್ಲ. ಹೀಗಾಗಿ ಔಷಧಿ ಇಲ್ಲದೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬರಗಾಲದಲ್ಲಿ ಊರನ್ನು ಬದುಕಿಸಿದ್ದು ಈ ಹಗೇವುಗಳೇ.

ಆದರೆ ಹುಳವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಅದಕ್ಕಾಗಿ ಬಾಯಿ ತೆಗೆದ ಮೇಲೆ ಹೊತ್ತು ಕಳೆಯಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗಿಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯಕೂಡದು. ಶಾಲೆಯ ಮೆಟ್ಟಿಲು ಹತ್ತದ ರೈತನಿಗೆ ಗೊತ್ತಿದ್ದ ವಿಜ್ಞಾನ ಇದು. ಈ ಕಂದೀಲನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತದೆ.

ಇನ್ನು ನೀರು. ನಮ್ಮ ಬಯಲು ಎರಿ ಭೂಮಿ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕಾಲು ಹೋಗುವಷ್ಟು ಬಿರಿಯುತ್ತದೆ. ಇಂಥ ಮಣ್ಣಿನಲ್ಲಿ ನೀರಿನ ಸುರಂಗ ತೋಡಿದರೆ ನಿಲ್ಲುವುದಿಲ್ಲ. ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಆದ್ದರಿಂದ ಇಲ್ಲಿನವರು ಕುಡಿಯಲು ಕೆರೆ ಕಟ್ಟಿದರು. ಗಟ್ಟಿ ನೆಲ ಸಿಕ್ಕಲ್ಲಿ ಕಲ್ಲಿನ ಮೆಟ್ಟಿಲ ಬಾವಿ ಕಟ್ಟಿದರು. ಸೂಡಿಯ ನಾಗಕುಂಡವನ್ನು ನೋಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಸುಮಾರು ಸಾವಿರ ವರ್ಷ ಹಳೆಯದು. ಗಜೇಂದ್ರಗಡದ ಕಾಲಕಾಲೇಶ್ವರದಲ್ಲಿ ಗುಡ್ಡದ ಬಂಡೆಯ ಸಂದಿಯಿಂದ ಜಿನುಗುವ ನೀರನ್ನು ಜನ ಅಂತರಗಂಗೆ ಎಂದು ಕರೆದರು. ಗುಡ್ಡ ಮಳೆಯ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೆಲ್ಲಗೆ ಬಿಡುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಆ ಜಿನುಗುವ ನೀರಿಗೆ ಮನುಷ್ಯನೇ ದಾರಿ ಮಾಡಿಕೊಟ್ಟರೆ ಹೇಗಿರುತ್ತದೆ? ಅದಕ್ಕೆ ಉತ್ತರ ಬೇಕಾದರೆ ನಾವು ಬೀದರಿಗೆ ಹೋಗಬೇಕು.

ಬೀದರಿನ ನೆಲ ನಮ್ಮ ಎರಿಯಂತಲ್ಲ. ಊರು ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಕರಾವಳಿಯವರು ಇದನ್ನೇ ಮುರಕಲ್ಲು ಎನ್ನುತ್ತಾರೆ. ಅದು ಜೇನುಗೂಡಿನಂತೆ ತೂತು ತೂತು. ಅದರ ಕೆಳಗೆ ಕಪ್ಪನೆಯ ಗಟ್ಟಿ ಬಸಾಲ್ಟ್ ಕಲ್ಲು. ಮಳೆಯ ನೀರು ಕೆಂಪು ಕಲ್ಲಿನೊಳಗೆ ಇಳಿದು, ಕಪ್ಪು ಕಲ್ಲಿನ ಮೇಲೆ ಬಂದು ನಿಂತು, ಪಕ್ಕಕ್ಕೆ ದಾರಿ ಹುಡುಕುತ್ತದೆ. ಗುರು ನಾನಕ್ ಝೀರಾದ ಬುಗ್ಗೆಯ ನೀರು ಹೀಗೆ ಬಂದದ್ದು. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಸುಮಾರು 300 ಮೀಟರ್ ನೀರಿನಲ್ಲಿ ನಡೆದು ಹೋಗುತ್ತಾರಲ್ಲ, ಆ ನೀರೂ ಹೀಗೆ ಬಂದದ್ದು. ಬಹಮನಿ ಸುಲ್ತಾನರ ಕಾಲದ ಕರೇಜ್ ಎಂಬ ಸುರಂಗ ಕಾಲುವೆಗೂ ಆಧಾರ ಅದೇ. ಗುರುದ್ವಾರದ ನೀರು, ಗುಡಿಯ ನೀರು, ಸುಲ್ತಾನರ ನೀರು ಎಂದು ನಾವು ಮೇಲೆ ನಿಂತು ಬೇರೆ ಬೇರೆ ಹೆಸರಿಡುತ್ತೇವೆ. ಕೆಳಗೆ ಮಳೆ ಒಂದೇ, ಕಲ್ಲು ಒಂದೇ.

ಕರೇಜ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ. ಅದು ತಾಯಿಬಾವಿ. ನೀರು ಬೇಕಾದ ಊರು ಅದಕ್ಕಿಂತ ಕೆಳಗಿನ ಮಟ್ಟದಲ್ಲಿರುತ್ತದೆ. ಊರಿನ ಕಡೆಯ ಬಾಯಿಯಿಂದ ತಾಯಿಬಾವಿಯ ಕಡೆಗೆ ಸುರಂಗ ತೋಡುತ್ತಾ ಹೋಗುತ್ತಾರೆ. ಹೀಗೆ ಕೆಳಗಿನಿಂದ ಮೇಲಕ್ಕೆ ತೋಡಿದರೆ ನೀರು ಸಿಕ್ಕಾಗ ಅದು ಕೆಲಸಗಾರರ ಹಿಂದೆ ಹರಿದು ಹೋಗುತ್ತದೆ, ಅವರು ಮುಳುಗುವುದಿಲ್ಲ. ನಡುನಡುವೆ ಮೇಲಿನಿಂದ ಬಾವಿಯಂಥ ಗಂಡಿಗಳನ್ನು ಇಳಿಸುತ್ತಾರೆ. ಮಣ್ಣು ಮೇಲಕ್ಕೆ ಎತ್ತಲು, ಗಾಳಿ ಒಳಗೆ ಬರಲು, ಮುಂದೆ ಹೂಳು ತೆಗೆಯಲು ಇವೇ ದಾರಿ.

ಎಲ್ಲಕ್ಕಿಂತ ಕಷ್ಟದ್ದು ಇಳಿಜಾರು. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಸುರಂಗವನ್ನೇ ಕೊರೆದು ಕೆಡವುತ್ತದೆ. ಕಡಿಮೆಯಾದರೆ ಹೂಳು ಕಟ್ಟುತ್ತದೆ. ಸಾವಿರ ಮೀಟರಿಗೆ ಒಂದು ಮೀಟರಿನ ಆಸುಪಾಸು ಇಳಿದರೆ ಸರಿ. ಕತ್ತಲೆಯಲ್ಲಿ ಮಂಡಿಯೂರಿ ಗುದ್ದಲಿ ಹಾಕುವವನು ಈ ಲೆಕ್ಕ ತಪ್ಪಬಾರದು. ಇರಾನಿನಲ್ಲಿ ಈ ಕೆಲಸಗಾರರಿಗೆ ಮುಕನ್ನಿ ಎನ್ನುತ್ತಾರೆ. ಅವರು ಬೆನ್ನ ಹಿಂದೆ ಎರಡು ಎಣ್ಣೆ ದೀಪ ಇಟ್ಟು, ಒಂದರ ಹಿಂದೆ ಒಂದು ಸರಿಯಾಗಿ ಕೂಡಿದರೆ ದಾರಿ ನೇರವಾಗಿದೆ ಎಂದು ತಿಳಿಯುತ್ತಿದ್ದರು. ದೀಪ ಮಂಕಾದರೆ ಗಾಳಿ ಕೆಟ್ಟಿದೆ, ಹೊರಗೆ ಹೋಗಬೇಕು. ನಮ್ಮ ಹಗೇವಿನ ಕಂದೀಲೂ ಅವರ ದೀಪವೂ ಒಂದೇ ಪಾಠ ಹೇಳಿದವು ನೋಡಿ!

ಈ ವಿದ್ಯೆ ಬಹಳ ಹಳೆಯದು. ಇಸ್ಲಾಂ ಬರುವುದಕ್ಕಿಂತ ಎಷ್ಟೋ ಶತಮಾನ ಮೊದಲೇ ಇರಾನಿನಲ್ಲಿ ಇತ್ತು. ಅಲ್ಲಿ ಇದಕ್ಕೆ ಕನಾತ್ ಎಂದು ಹೆಸರು. ಗೋನಾಬಾದಿನ ಕನಾತ್ 33 ಕಿಲೋಮೀಟರಿಗೂ ಉದ್ದವಿದೆ. ಅದಕ್ಕೆ ಸುಮಾರು 2,700 ವರ್ಷ ಎನ್ನುತ್ತಾರೆ. 2016ರಲ್ಲಿ ಯುನೆಸ್ಕೊ ಇರಾನಿನ 11 ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಮಾನಿನಲ್ಲಿ ಫಲಜ್, ಅಲ್ಜೀರಿಯಾದಲ್ಲಿ ಫೊಗ್ಗಾರಾ, ಅಫ್ಘಾನಿಸ್ತಾನದಲ್ಲಿ ಕರೇಜ್, ಹೀಗೆ ಹಲವು ದೇಶಗಳಲ್ಲಿ ಹಲವು ಹೆಸರು. ಮುಸಲ್ಮಾನ ವಿದ್ವಾಂಸರು ಹಳೆಯ ವಿದ್ಯೆಯನ್ನು ಅನ್ಯರದ್ದೆಂದು ದೂರ ಇಡಲಿಲ್ಲ. ಅದನ್ನು ಕಲಿತರು, ಅಳೆದರು, ಬರೆದಿಟ್ಟರು. 11ನೇ ಶತಮಾನದ ಆರಂಭದಲ್ಲಿ ಅಲ್ ಕರಜಿ ಎಂಬ ಗಣಿತಜ್ಞ ಅಡಗಿದ ನೀರನ್ನು ಹೊರತೆಗೆಯುವ ಬಗ್ಗೆಯೇ ಒಂದು ಗ್ರಂಥ ಬರೆದ. ಬೀಜಗಣಿತದಲ್ಲಿ ದೊಡ್ಡ ಹೆಸರು ಮಾಡಿದವನು ಆತ. ನೆಲದ ಮಟ್ಟ ಅಳೆಯುವ ಉಪಕರಣಗಳನ್ನೂ ಅದರಲ್ಲಿ ವಿವರಿಸಿದ. ಬೀಜಗಣಿತ ಕಲಿತು ಏನು ಉಪಯೋಗ ಎಂದು ಗುರುಗಳನ್ನು ಕೇಳುವ ಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಲಿ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ರಾಜಧಾನಿಯನ್ನು ಗುಲ್ಬರ್ಗಾದಿಂದ, ಅಂದರೆ ಇಂದಿನ ಕಲಬುರಗಿಯಿಂದ, ಬೀದರಿಗೆ ತಂದ. ಇರಾನಿನಿಂದ ವಿದ್ವಾಂಸರು, ವ್ಯಾಪಾರಿಗಳು, ಕುಶಲಕರ್ಮಿಗಳು ಬಂದರು. ಅವರೊಡನೆ ಕರೇಜ್ ವಿದ್ಯೆಯೂ ಬಂದಿತು. ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂದು ಬೀದರಿನಲ್ಲಿ ಮೂರು ಜಲವ್ಯವಸ್ಥೆಗಳನ್ನು ಗುರುತಿಸಿದ್ದಾರೆ. ಒಂದಕ್ಕೆ ತೀರ್ಥ ಎಂಬ ಹೆಸರಿರುವುದನ್ನು ಗಮನಿಸಿ. ಜಮುನಾ ಮೋರಿ ಹಳೆಯ ಊರಿನ ಓಣಿಗಳ ಕೆಳಗೆ ನೀರು ಹಂಚುತ್ತಿತ್ತು. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದ; ಅದಕ್ಕೆ 21 ಗಾಳಿಗಂಡಿಗಳು.

ಇರಾನಿನ ವಿದ್ಯೆ ಎಂದು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಇರಾನಿನಲ್ಲಿ ಬೆಟ್ಟದ ಬುಡದ ಮರಳು, ಹರಳು ಮಣ್ಣಿನಲ್ಲಿ ಕನಾತ್ ತೋಡುತ್ತಾರೆ. ಬೀದರಿನದು ಜಂಬಿಟ್ಟಿಗೆ. ಈ ಕಲ್ಲಿನ ಗುಣ, ಇಲ್ಲಿನ ಮಳೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಈ ನೆಲದವರಿಗೇ ಗೊತ್ತು. ಹೊರಗಿನ ತಿಳಿವಳಿಕೆ, ಒಳಗಿನ ಅನುಭವ ಎರಡೂ ಕೂಡದೆ ಈ ಕೆಲಸ ಆಗದು. ಅದೇ ಬೀದರಿನಲ್ಲಿ 1472ರಲ್ಲಿ ಮಹಮೂದ್ ಗಾವಾನ್ ತನ್ನ ಹೆಸರಾಂತ ಮದರಸಾ ಕಟ್ಟಿಸಿದ. ಅವನೂ ಇರಾನಿನ ಗಿಲಾನಿನಿಂದ ಬಂದವನು. ಒಂದೇ ಊರಿನಲ್ಲಿ ನೆಲದ ಮೇಲೆ ವಿದ್ಯೆಗೆ ಮನೆ, ನೆಲದ ಕೆಳಗೆ ನೀರಿಗೆ ದಾರಿ. ಎರಡೂ ಬೇಕೆಂದು ಆ ಕಾಲದವರು ತಿಳಿದಿದ್ದರು.

ಬೀದರಿನಿಂದ ವಿಜಯಪುರಕ್ಕೆ ಬರೋಣ. ಶಾಲೆಯ ಪ್ರವಾಸದಲ್ಲಿ ನೀವು ಗೋಳಗುಮ್ಮಟದ ಪಿಸುಮಾತು ಕೇಳಿ ಬಂದಿದ್ದೀರಿ. ಆದರೆ ಅಷ್ಟು ದೊಡ್ಡ ಊರು ಏನು ಕುಡಿಯುತ್ತಿತ್ತು ಎಂದು ಕೇಳಿದಿರಾ? ಒಂದನೆಯ ಅಲಿ ಆದಿಲ್ ಷಾ, ಅವನ ನಂತರ ಎರಡನೆಯ ಇಬ್ರಾಹಿಂ ಆದಿಲ್ ಷಾ ಇವರ ಕಾಲದಲ್ಲಿ ಊರಿನ ಪಶ್ಚಿಮಕ್ಕಿರುವ ತೊರವಿಯಿಂದ ಸುರಂಗದ ಮೂಲಕ ನೀರು ತಂದರು. ಅದೇ ಸುರಂಗ ಬಾವಡಿ. ದಾರಿಯುದ್ದಕ್ಕೂ ಇಲ್ಲಿಯೂ ಗಾಳಿಗಂಡಿಗಳು. 1651ರಲ್ಲಿ ಮಹಮ್ಮದ್ ಆದಿಲ್ ಷಾನ ಕಾಲದಲ್ಲಿ ಬೇಗಂ ತಲಾಬ್ ಕಟ್ಟಿ, ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ನೆಲದೊಳಗೆ ಊರಿಗೆ ಸಾಗಿಸಿದರು. ನೀರಿನ ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ನಡುನಡುವೆ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ಕಟ್ಟಿದರು. ಅವುಗಳಿಗೆ ಗಂಜ್ ಎನ್ನುತ್ತಾರೆ. ಚಾಂದ್ ಬಾವಡಿ, ತಾಜ್ ಬಾವಡಿ ಇವೆಲ್ಲ ಸೇರಿ ಒಂದು ಇಡೀ ಊರಿನ ದಾಹ ತೀರಿಸಿದವು. ದಖ್ಖನಿನಲ್ಲಿ ಈ ಬಗೆಯ ಕೆಲಸ ಇನ್ನೂ ಹಲವೆಡೆ ನಡೆಯಿತು. ಗುಲಾಮನಾಗಿ ಇಥಿಯೋಪಿಯಾದಿಂದ ಬಂದು ಅಹಮದ್‌ನಗರ ರಾಜ್ಯದ ಪ್ರಧಾನಿಯಾದ ಮಲಿಕ್ ಅಂಬರ್ 17ನೇ ಶತಮಾನದಲ್ಲಿ ಖಡ್ಕಿ ಊರಿಗೆ, ಅಂದರೆ ಮುಂದೆ ಔರಂಗಾಬಾದ್ ಎನಿಸಿಕೊಂಡ ಊರಿಗೆ, ನೆಲದೊಳಗಿನ ನಹರ್ ಕಟ್ಟಿಸಿದ. ಅವನ ಯುದ್ಧಗಳನ್ನು ಪರೀಕ್ಷೆಗಾಗಿ ಓದುತ್ತೇವೆ. ಅವನ ನೀರನ್ನು ಓದುವುದಿಲ್ಲ.

ಕಟ್ಟಿಸಿದವರ ಹೆಸರು ಉಳಿಯಿತು, ಗುದ್ದಲಿ ಹಿಡಿದವರ ಹೆಸರು ಉಳಿಯಲಿಲ್ಲ. ಆ ಕೊರತೆಯನ್ನು ತುಂಬುವ ಒಂದು ಹೆಸರು ನಮ್ಮ ಕಾಲದಲ್ಲಿಯೇ ಇದೆ. ಕಾಸರಗೋಡು, ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ ರೈತರು ಇಂದಿಗೂ ಸುರಂಗದ ನೀರಿನಿಂದ ತೋಟ ಬೆಳೆಸುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಹಾದಿಯನ್ನು ಗುಡ್ಡದ ಪಕ್ಕದಿಂದ ಅಡ್ಡಲಾಗಿ ತೋಡುತ್ತಾರೆ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಿದ್ದವರು. ಗುಡ್ಡದ ಇಳಿಜಾರಿನಲ್ಲಿ ಒಂದಿಷ್ಟು ಒಣ ಭೂಮಿ ಸಿಕ್ಕಿತು, ನೀರಿಲ್ಲ. ಹಗಲು ಕೂಲಿ ಮುಗಿಸಿ ಬಂದು, ದೀಪ ಹಚ್ಚಿಕೊಂಡು ಒಬ್ಬರೇ ಸುರಂಗ ತೋಡಿದರು. ಐದು ಸುರಂಗಗಳಲ್ಲಿ ನೀರು ಬರಲಿಲ್ಲ. ನೋಡಿದವರು ನಕ್ಕರು. ಆರನೆಯದರಲ್ಲಿ ನೀರು ಬಂದಿತು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಘೋಷಿಸಿತು. ಒಂದು ಪರೀಕ್ಷೆಯಲ್ಲಿ ನಪಾಸಾದರೆ ಪುಸ್ತಕ ಮೂಲೆಗೆ ಎಸೆಯುವ ನನ್ನ ಮಕ್ಕಳೇ, ಐದು ಬರಿ ಸುರಂಗಗಳ ನಂತರ ಆರನೆಯದಕ್ಕೆ ಗುದ್ದಲಿ ಎತ್ತಿದ ಆ ಕೈಯನ್ನು ನೆನೆಯಿರಿ.

ಈಗ ಇದರಿಂದ ನಾವು ಕಲಿಯಬೇಕಾದದ್ದು ಏನು?

ಒಂದನೆಯದು ಮಿತಿ. ಕರೇಜ್‌ಗೆ ಮೋಟಾರು ಇಲ್ಲ, ಕರೆಂಟು ಇಲ್ಲ. ನೆಲದ ಇಳಿಜಾರು ಎಷ್ಟು ಕೊಡುತ್ತದೋ ಅಷ್ಟೇ ನೀರು. ಮಳೆ ಹೆಚ್ಚಾದರೆ ಹೆಚ್ಚು, ಕಡಿಮೆಯಾದರೆ ಕಡಿಮೆ. ನೆಲದ ಗಂಟನ್ನು ಅದು ಕರಗಿಸುವುದಿಲ್ಲ, ಅದರ ಬಡ್ಡಿಯಲ್ಲಿ ಬದುಕುತ್ತದೆ. ಬೋರ್‌ವೆಲ್ ಹಾಗಲ್ಲ. ಅದು ಅಸಲಿಗೇ ಕೈ ಹಾಕುತ್ತದೆ. ಪಕ್ಕದವನು 300 ಅಡಿ ಇಳಿದರೆ ನಾನು 500 ಅಡಿ ಇಳಿಯುತ್ತೇನೆ ಎನ್ನುತ್ತೇವೆ. ಕೊನೆಗೆ ಇಬ್ಬರಿಗೂ ಗಾಳಿ ಬರುತ್ತದೆ. ಕರೇಜ್‌ನ ಹತ್ತಿರ ಆಳದ ಬೋರ್‌ವೆಲ್ ಕೊರೆದರೆ ಕರೇಜ್ ಬತ್ತಿ ಹೋಗುತ್ತದೆ. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವುಜೂಗೆ ನೀರು ಪೋಲು ಮಾಡಬಾರದೆಂದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತೇವೆ. ಮಸೀದಿಯ ನಲ್ಲಿಯ ಬಳಿ ಕಲಿತ ಪಾಠ ಹೊಲದ ಪಂಪಿನ ಬಳಿ ಯಾಕೆ ಮರೆಯಬೇಕು?

ಎರಡನೆಯದು ಕೂಡಿ ಮಾಡುವ ಜವಾಬ್ದಾರಿ. ಸುರಂಗ ತೋಡಿ ಬಿಟ್ಟರೆ ಮುಗಿಯಲಿಲ್ಲ. ವರ್ಷ ವರ್ಷ ಹೂಳು ತೆಗೆಯಬೇಕು. ಒಂದು ಗಾಳಿಗಂಡಿಯಲ್ಲಿ ಕಸ ಬಿದ್ದರೆ ಕೆಳಗಿನ ಎಲ್ಲ ಓಣಿಗಳಿಗೂ ಅದೇ ನೀರು. ಸದಖಾ ಜಾರಿಯಾ ಎಂದರೆ ಮಾಡಿದವನು ಹೋದ ಮೇಲೂ ಹರಿಯುತ್ತಿರುವ ಪುಣ್ಯ. ಅದು ಹರಿಯುತ್ತಿರಬೇಕಾದರೆ ಹಿಂದೆ ಬಂದವರು ಕಾಪಾಡಬೇಕು. ಬೀದರಿನಲ್ಲಿ ಏನಾಯಿತು? ಮೇಲೆ ಮನೆ, ರಸ್ತೆ ಬಂದವು. ಎಷ್ಟೋ ಗಂಡಿಗಳು ಮುಚ್ಚಿದವು, ಕೆಲವು ಕಸದ ಗುಂಡಿಗಳಾದವು. ಕೇರಳದ ಭೂಗೋಳ ಅಧ್ಯಾಪಕ ಡಾ. ವಿ. ಗೋವಿಂದನ್‌ಕುಟ್ಟಿ ಮತ್ತು ಬೀದರಿನ ಉತ್ಸಾಹಿ ಯುವಕರು ಒಂದೊಂದೇ ಗಂಡಿ ಹುಡುಕಿ ನಕ್ಷೆ ಮಾಡಿದರು. 2015ರ ಸುಮಾರಿಗೆ ನೌಬಾದಿನಲ್ಲಿ ಹೂಳು ತೆಗೆಯುವ ಕೆಲಸ ನಡೆಯಿತು. ಮತ್ತೆ ನೀರು ಕಂಡಿತು. ವಿಜಯಪುರದ ಸುರಂಗ ಬಾವಡಿ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ಕಾಳಜಿಯ ಪಟ್ಟಿಯಲ್ಲಿ ಸೇರಿತು. ದೂರದವರು ಬಂದು ನಮ್ಮ ಮನೆಯ ಸಂದೂಕಿನಲ್ಲಿ ಏನಿದೆ ಎಂದು ನಮಗೆ ತೋರಿಸಿದಂತಾಯಿತು!

ನೀರಿನ ಬೆಲೆ ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ರಕ್ತ ಚೆಲ್ಲಿತು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರದಿದ್ದರೂ ಕರ ಕಟ್ಟಿರೆಂದಾಗ ಎದ್ದ ಚಳವಳಿ ಅದು. 2015ರಲ್ಲಿ ಮಹದಾಯಿ ನೀರಿಗಾಗಿ ಮತ್ತೆ ನರಗುಂದವೇ ಹೋರಾಟದ ಕೇಂದ್ರವಾಯಿತು. ಹೊಳೆಯ ನೀರಿನ ಹಕ್ಕು ಕೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ನಮ್ಮ ಮೇಲೆ ಬೀಳುವ ಮಳೆಯನ್ನು, ನಮ್ಮ ಊರಿನ ಕೆರೆಯನ್ನು, ಬಾವಿಯನ್ನು ನಾವು ಏನು ಮಾಡಿದೆವು ಎಂದೂ ಕೇಳಿಕೊಳ್ಳಬೇಕು. ಹಳೆಯ ಬಾವಿಗೆ ಕಸ ತುಂಬಿ ಮುಚ್ಚುವವರೂ ನಾವೇ, ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವವರೂ ನಾವೇ.

ಆದ್ದರಿಂದ ಸಂಸ್ಥೆಯ ಹಿರಿಯರಲ್ಲಿ ಎರಡು ಬಿನ್ನಹ. ಮುಂದಿನ ಪ್ರವಾಸದಲ್ಲಿ ಮಕ್ಕಳಿಗೆ ಗುಮ್ಮಟಗಳ ಜೊತೆ ನೌಬಾದಿನ ಗಾಳಿಗಂಡಿಗಳನ್ನೂ, ತೊರವಿಯ ದಾರಿಯನ್ನೂ ತೋರಿಸಿ. ಮತ್ತು ನಮ್ಮ ಶಾಲೆ ಕಾಲೇಜುಗಳಲ್ಲಿ ಒಂದು ವಹಿ ಇಡಿ. ಅದರಲ್ಲಿ ರೋಣ, ನರಗುಂದ, ಗಜೇಂದ್ರಗಡದ ಪ್ರತಿ ಹಳೆಯ ಬಾವಿ, ಹಗೇವು, ಕೆರೆಯ ಹೆಸರು, ಜಾಗ, ಅಳತೆ, ಈಗಿನ ಸ್ಥಿತಿ ವಿದ್ಯಾರ್ಥಿಗಳು ಬರೆಯಲಿ. ಓಣಿಯ ಹಿರಿಯರನ್ನು, ಅವರು ಯಾವ ಜಾತಿ ಮತದವರೇ ಆಗಿರಲಿ, ಕುಳಿತು ಕೇಳಿ ಬರೆದುಕೊಳ್ಳಲಿ. ಎಂಬತ್ತು ದಾಟಿದವರು ನಮ್ಮ ನಡುವೆ ಕೆಲವರೇ ಇದ್ದಾರೆ. ಅವರ ನೆನಪು ಹೋದರೆ ಆ ಪುಟ ಮತ್ತೆ ಸಿಗುವುದಿಲ್ಲ.

ಮಕ್ಕಳಿಗೆ ಒಂದು ಕಟ್ಟುನಿಟ್ಟಿನ ಮಾತು. ಹಳೆಯ ಬಾವಿ, ಹಗೇವು, ಗುಹೆ ಯಾವುದಕ್ಕೂ ನೀವಾಗಿ ಇಳಿಯಬಾರದು. ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಮೇಲೆ ನಿಂತು ಅಳೆಯಿರಿ, ಬರೆಯಿರಿ, ಚಿತ್ರ ತೆಗೆಯಿರಿ. ಹೊನ್ನು ಹುಡುಕಲು ಗುಡ್ಡ ಅಗೆಯುವವರ ಜೊತೆ ಎಂದೂ ಸೇರಬೇಡಿ. ನೆಲದ ಕೆಳಗೆ ನಮ್ಮ ಹಿರಿಯರು ಇಟ್ಟು ಹೋದ ಗಂಟು ಯಾವುದೆಂದು ಈಗ ನಿಮಗೆ ತಿಳಿದಿದೆ. ಕಾಳನ್ನು ಕಾಯ್ದ ಬುದ್ಧಿ, ನೀರಿಗೆ ದಾರಿ ತೋರಿದ ಲೆಕ್ಕ, ಒಬ್ಬರ ಬಾಯಾರಿಕೆಗೆ ಇನ್ನೊಬ್ಬರು ಬೆವರು ಸುರಿಸಿದ ಮನಸ್ಸು. ಅದನ್ನು ಮೇಲೆತ್ತಲು ಗುದ್ದಲಿ ಬೇಡ, ಓದು ಬೇಕು.

ಅಲ್ಲಾಹನು ನಿಮ್ಮೆಲ್ಲರ ವಿದ್ಯೆಗೆ ಬರಕತ್ ಕೊಡಲಿ, ನಮ್ಮ ಸೀಮೆಗೆ ಸಕಾಲದ ಮಳೆ ಕೊಡಲಿ ಎಂದು ದುಆ ಮಾಡುತ್ತೇನೆ.